ಗ್ರಾಹಕರಿಗೆ ಕಳಿಸಿದ ಇಮೇಲ್ ಸ್ಪ್ಯಾಮ್‌ಗೆ ಬೀಳುವುದೇಕೆ? ಹೈದರಾಬಾದ್ ಡೇಟಾ ಪ್ರಕರಣ ಹೇಳುವ ಪಾಠ

ಹೈದರಾಬಾದ್: ನಿಮ್ಮ ಜಿಮೇಲ್‌ನ ಸ್ಪ್ಯಾಮ್ ಫೋಲ್ಡರ್ ಅನ್ನು ಒಮ್ಮೆ ತೆರೆದು ನೋಡಿ. ಲಾಟರಿ ಗೆದ್ದಿದ್ದೀರಿ ಎನ್ನುವ ಸುಳ್ಳು, ಬ್ಯಾಂಕಿನ ಹೆಸರಿನಲ್ಲಿ ಬಂದ ನಕಲಿ ಸಂದೇಶ, ಕೇಳದಿದ್ದರೂ ಸಾಲ ಕೊಡಲು ಸಿದ್ಧರಿರುವ ಅಪರಿಚಿತರು ಅಲ್ಲಿರುತ್ತಾರೆ. ಇವುಗಳ ನಡುವೆಯೇ ನೀವು ಕಳೆದ ಹಬ್ಬಕ್ಕೆ ಸೀರೆ ಕೊಂಡ ಅಂಗಡಿಯ ರಿಯಾಯಿತಿ ಪತ್ರವೋ, ನೀವೇ ಹೆಸರು ನೋಂದಾಯಿಸಿದ್ದ ಕೋಚಿಂಗ್ ಕೇಂದ್ರದ ಹೊಸ ಬ್ಯಾಚ್‌ನ ಮಾಹಿತಿಯೋ ಬಿದ್ದಿರಬಹುದು. 30 ದಿನ ಕಳೆದರೆ ಎಲ್ಲವೂ ತಾನಾಗಿಯೇ ಅಳಿಸಿಹೋಗುತ್ತದೆ. ಪತ್ರ ಬಂದಿತ್ತು ಎಂಬುದು ಗ್ರಾಹಕನಿಗೆ ಗೊತ್ತಾಗುವುದಿಲ್ಲ. ಅದು ಕಸದ ಬುಟ್ಟಿಗೆ ಹೋಯಿತು ಎಂಬುದು ಕಳಿಸಿದವರಿಗೂ ಗೊತ್ತಾಗುವುದಿಲ್ಲ.

ದೊಡ್ಡ ಕಂಪನಿಗಳಿಗೆ ಇದನ್ನು ಗಮನಿಸಲೆಂದೇ ಪ್ರತ್ಯೇಕ ತಂಡಗಳಿರುತ್ತವೆ. ಚಾರ್‌ಮಿನಾರ್ ಸುತ್ತಲಿನ ಮುತ್ತಿನ ಅಂಗಡಿ, ಬೇಗಂ ಬಜಾರಿನ ಒಣಹಣ್ಣಿನ ವ್ಯಾಪಾರಿ, ಅಮೀರ್‌ಪೇಟೆಯ ಸಾಫ್ಟ್‌ವೇರ್ ತರಬೇತಿ ಕೇಂದ್ರದಂಥವರಿಗೆ ಆ ಅನುಕೂಲವಿಲ್ಲ. ಬೀದರ್, ಕಲಬುರಗಿ, ರಾಯಚೂರಿನಿಂದ ಓದಲು, ಕೊಳ್ಳಲು ಈ ನಗರಕ್ಕೆ ಬರುವವರು ಇಂಥ ಕಡೆ ಇಮೇಲ್ ವಿಳಾಸ ಬರೆದುಕೊಟ್ಟು ಹೋಗುತ್ತಾರೆ. ಆ ವಿಳಾಸಗಳ ಪಟ್ಟಿಯೇ ಸಣ್ಣ ವ್ಯಾಪಾರಿಯ ಬಂಡವಾಳ. ಅದನ್ನು ಹೇಗೆ ಸಂಗ್ರಹಿಸಿದರು, ಹೇಗೆ ಬಳಸಿದರು ಎಂಬುದೇ ಪತ್ರ ಇನ್‌ಬಾಕ್ಸ್‌ಗೆ ಹೋಗುತ್ತದೋ ಸ್ಪ್ಯಾಮ್‌ಗೆ ಹೋಗುತ್ತದೋ ಎಂಬುದನ್ನು ಈಗ ಬಹುಮಟ್ಟಿಗೆ ನಿರ್ಧರಿಸುತ್ತಿದೆ.

66.9 ಕೋಟಿ ಜನರ ಮಾಹಿತಿ ಮಾರಾಟಕ್ಕೆ!

ಇಮೇಲ್ ಪಟ್ಟಿಗಳ ಕಥೆ ಎಷ್ಟು ಕೆಟ್ಟಿದೆ ಎಂಬುದನ್ನು ದೇಶಕ್ಕೆ ತೋರಿಸಿದ್ದು ಇದೇ ಹೈದರಾಬಾದ್. 2023ರ ಮಾರ್ಚ್‌ನಲ್ಲಿ ಸೈಬರಾಬಾದ್ ಪೊಲೀಸರು ಏಳು ಜನರನ್ನು ಬಂಧಿಸಿದರು. ಸುಮಾರು 16.8 ಕೋಟಿ ಜನರ ವೈಯಕ್ತಿಕ ಮಾಹಿತಿಯನ್ನು ಕದ್ದು ಮಾರಿದ ಆರೋಪ ಅವರ ಮೇಲಿತ್ತು. ನೀಟ್ ವಿದ್ಯಾರ್ಥಿಗಳಿಂದ ಹಿಡಿದು ರಕ್ಷಣಾ ಸಿಬ್ಬಂದಿಯವರೆಗೆ ಹಲವರ ವಿವರಗಳು ಅದರಲ್ಲಿದ್ದವು. ರಕ್ಷಣಾ ಸಿಬ್ಬಂದಿಯ ಹುದ್ದೆ, ಕೆಲಸದ ಸ್ಥಳದ ಜೊತೆಗೆ ಇಮೇಲ್ ವಿಳಾಸಗಳೂ ಸಿಕ್ಕಿದ್ದವು ಎಂದು ಪೊಲೀಸರು ಹೇಳಿದ್ದರು.

ಕೆಲವೇ ದಿನಗಳಲ್ಲಿ, ಏಪ್ರಿಲ್ ಆರಂಭದಲ್ಲಿ, ಅದೇ ಪೊಲೀಸರು ಇನ್ನೊಬ್ಬನನ್ನು ಬಂಧಿಸಿದರು. ಅವನ ಬಳಿ ಇದ್ದದ್ದು 24 ರಾಜ್ಯಗಳು ಮತ್ತು 8 ಮಹಾನಗರಗಳ 66.9 ಕೋಟಿ ವ್ಯಕ್ತಿಗಳು ಹಾಗೂ ಸಂಸ್ಥೆಗಳ ಮಾಹಿತಿ ಎಂದು ಪ್ರಕಟಿಸಲಾಯಿತು.

ಇಂಥ ಪಟ್ಟಿ ಕೊಳ್ಳುವವರೆಲ್ಲ ವಂಚಕರೇ ಆಗಿರಬೇಕಿಲ್ಲ. "ಒಂದು ಲಕ್ಷ ಇಮೇಲ್ ವಿಳಾಸ, ಕಡಿಮೆ ಬೆಲೆ" ಎಂಬ ಮಾತಿಗೆ ಮರುಳಾಗುವವರಲ್ಲಿ ಸಾಮಾನ್ಯ ವ್ಯಾಪಾರಿಗಳೂ ಇರುತ್ತಾರೆ. ತಾವು ಕೊಂಡದ್ದು ಗ್ರಾಹಕರನ್ನು ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಕೊಂಡದ್ದು, ತಮ್ಮ ಹೆಸರನ್ನೇ ಕೇಳದ ಒಂದು ಲಕ್ಷ ಅಪರಿಚಿತರನ್ನು. ಅವರಲ್ಲಿ ಕೆಲವರು ಪತ್ರ ನೋಡಿದೊಡನೆ "ರಿಪೋರ್ಟ್ ಸ್ಪ್ಯಾಮ್" ಒತ್ತುತ್ತಾರೆ. ಅಲ್ಲಿಂದ ತೊಂದರೆ ಶುರು.

ನಿಯಮ ಬರೆದವರು ಯಾರು?

ಜಿಮೇಲ್ ಪ್ರತಿದಿನ ಸುಮಾರು 1,500 ಕೋಟಿ ಬೇಡದ ಇಮೇಲ್‌ಗಳನ್ನು ತಡೆಯುತ್ತದೆ ಎಂದು ಗೂಗಲ್ 2023ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಆಗಲೇ ಗೂಗಲ್ ಮತ್ತು ಯಾಹೂ ಒಟ್ಟಾಗಿ, ದೊಡ್ಡ ಪ್ರಮಾಣದಲ್ಲಿ ಇಮೇಲ್ ಕಳಿಸುವವರಿಗೆ ಹೊಸ ನಿಯಮಗಳನ್ನು ಪ್ರಕಟಿಸಿದವು. 2024ರ ಫೆಬ್ರವರಿಯಿಂದ ಅವು ಜಾರಿಗೆ ಬಂದವು. 2025ರ ಮೇ 5ರಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್‌ನಲ್ಲಿ ಇದೇ ಹಾದಿ ಹಿಡಿಯಿತು. 2025ರ ನವೆಂಬರ್‌ನಿಂದ ಗೂಗಲ್ ಇನ್ನಷ್ಟು ಬಿಗಿಯಾಗಿದ್ದು, ನಿಯಮ ಪಾಲಿಸದ ಪತ್ರಗಳನ್ನು ಸ್ಪ್ಯಾಮ್‌ಗೂ ಹಾಕದೆ ಬಾಗಿಲಿನಿಂದಲೇ ವಾಪಸ್ ಕಳಿಸುವ ಕ್ರಮ ಹೆಚ್ಚಿಸಿದೆ.

ಒಂದೇ ದಿನದಲ್ಲಿ ಖಾಸಗಿ ಜಿಮೇಲ್ ಖಾತೆಗಳಿಗೆ 5,000 ಅಥವಾ ಅದಕ್ಕಿಂತ ಹೆಚ್ಚು ಪತ್ರ ಕಳಿಸಿದವರು ಗೂಗಲ್ ಲೆಕ್ಕದಲ್ಲಿ "ಬಲ್ಕ್ ಸೆಂಡರ್". ದೀಪಾವಳಿಗೆ ಒಂದೇ ಒಂದು ದಿನ ಈ ಗಡಿ ದಾಟಿದರೂ ಸಾಕು, ಆ ಹಣೆಪಟ್ಟಿ ಶಾಶ್ವತ.

ಮೂರು ಗುರುತು, ಒಂದು ಬಾಗಿಲು

ಹೊಸ ನಿಯಮಗಳ ಮೊದಲ ಭಾಗ ಗುರುತಿನ ಪರಿಶೀಲನೆ. ಅಂಚೆ ಲಕೋಟೆಯ ಮೇಲೆ ಯಾರು ಬೇಕಾದರೂ ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೇ? ಇಮೇಲ್‌ನಲ್ಲೂ ಮೊದಲಿನಿಂದ ಅಷ್ಟೇ ಸಡಿಲವಿತ್ತು. ಅದನ್ನು ತಡೆಯಲು ಮೂರು ವ್ಯವಸ್ಥೆಗಳಿವೆ.

ಎಸ್‌ಪಿಎಫ್: ನಮ್ಮ ಡೊಮೇನ್ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿ ಇದೆ ಎಂಬ ಬಹಿರಂಗ ಪಟ್ಟಿ.

ಡಿಕಿಮ್: ಪತ್ರದ ಮೇಲೆ ಹಾಕುವ ಡಿಜಿಟಲ್ ಮೊಹರು. ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದರೆ ಮೊಹರು ಹೊಂದುವುದಿಲ್ಲ.

ಡಿಮಾರ್ಕ್: ಈ ಎರಡೂ ಪರೀಕ್ಷೆಯಲ್ಲಿ ಪತ್ರ ಸೋತರೆ ಏನು ಮಾಡಬೇಕು ಎಂಬ ಸೂಚನೆ. ಸುಮ್ಮನೆ ಬಿಡುವುದು, ಸ್ಪ್ಯಾಮ್‌ಗೆ ಹಾಕುವುದು, ತಿರಸ್ಕರಿಸುವುದು ಎಂಬ ಮೂರು ಆಯ್ಕೆಗಳಿವೆ.

ಇವನ್ನೆಲ್ಲ ಡೊಮೇನ್‌ನ ಡಿಎನ್‌ಎಸ್ ದಾಖಲೆಯಲ್ಲಿ ಸೇರಿಸಬೇಕು. ತಿಳಿದವರಿಗೆ ಇದು ದೊಡ್ಡ ಕೆಲಸವಲ್ಲ, ಇದಕ್ಕೆ ಶುಲ್ಕವೂ ಇಲ್ಲ.

ಸಣ್ಣ ವ್ಯಾಪಾರಿಗಳು ಎಡವುವುದು ಇನ್ನೊಂದು ಕಡೆ. ಸ್ವಂತ ಡೊಮೇನ್ ಇಲ್ಲದೆ, ಅಂಗಡಿಯ ಜಿಮೇಲ್ ವಿಳಾಸವನ್ನೇ "ಕಳಿಸಿದವರು" ಎಂದು ತೋರಿಸಿ ಬೇರೊಂದು ಕಂಪನಿಯ ಸಾಫ್ಟ್‌ವೇರ್ ಮೂಲಕ ಸಾವಿರಾರು ಪತ್ರ ಕಳಿಸುವ ಅಭ್ಯಾಸವಿದೆ. ಪತ್ರ ಜಿಮೇಲ್ ಹೆಸರು ಹೊತ್ತಿದೆ, ಆದರೆ ಗೂಗಲ್ ಸರ್ವರ್‌ನಿಂದ ಹೊರಟಿಲ್ಲ. ಪರಿಶೀಲನೆಯ ಕಣ್ಣಿಗೆ ಇದು ನಕಲಿ ಪತ್ರದಂತೆಯೇ ಕಾಣುತ್ತದೆ. ಇಂಥ ಪತ್ರಗಳನ್ನು ಸ್ಪ್ಯಾಮ್‌ಗೆ ಹಾಕುವ ನೀತಿಯನ್ನು ಗೂಗಲ್ ತನ್ನ ನಿಯಮಗಳ ಜೊತೆಗೇ ಪ್ರಕಟಿಸಿತ್ತು. ವ್ಯಾಪಾರಿ ಮೋಸ ಮಾಡಿಲ್ಲ, ಆದರೂ ಪತ್ರ ಮೋಸಗಾರರ ಸಾಲಿನಲ್ಲಿ ನಿಲ್ಲುತ್ತದೆ.

ಈ ಗುರುತುಗಳಿಂದ ಪ್ರಯೋಜನವಾಗಿದೆಯೇ? 2024ರಲ್ಲಿ ಗುರುತಿಲ್ಲದ ಪತ್ರಗಳ ಸಂಖ್ಯೆ 26,500 ಕೋಟಿಯಷ್ಟು ಇಳಿಯಿತು ಎಂದು ಗೂಗಲ್ ಹೇಳಿದೆ. ಆದರೆ ಒಂದು ಮಾತು ನೆನಪಿರಲಿ. ಗುರುತಿನ ಚೀಟಿ ಇದ್ದವರೆಲ್ಲ ಸಜ್ಜನರಲ್ಲ. ವಂಚಕ ಕೂಡ ಸ್ವಂತ ಡೊಮೇನ್ ಕೊಂಡು ಮೂರೂ ದಾಖಲೆ ಹಾಕಿಕೊಳ್ಳಬಹುದು. ಆದ್ದರಿಂದಲೇ ಎರಡನೇ ಪರೀಕ್ಷೆ ಇನ್ನೂ ಮುಖ್ಯ.

ಸಾವಿರಕ್ಕೆ ಮೂರು ದೂರು

ಎರಡನೇ ಪರೀಕ್ಷೆ ನಡೆಸುವವರು ಪತ್ರ ಪಡೆಯುವವರೇ. ಪತ್ರಗಳನ್ನು ಸ್ಪ್ಯಾಮ್ ಎಂದು ಗುರುತಿಸುವವರ ಪ್ರಮಾಣ ಶೇ 0.1ಕ್ಕಿಂತ ಕಡಿಮೆ ಇರಬೇಕು, ಯಾವ ಕಾರಣಕ್ಕೂ ಶೇ 0.3 ಮುಟ್ಟಬಾರದು ಎಂಬುದು ಗೂಗಲ್ ನಿಯಮ. ಸರಳವಾಗಿ ಲೆಕ್ಕ ಹಾಕಿ: 5,000 ಪತ್ರ ಇನ್‌ಬಾಕ್ಸ್ ತಲುಪಿದರೆ, 15 ಜನ ಸ್ಪ್ಯಾಮ್ ಬಟನ್ ಒತ್ತಿದರೆ ಸಾಕು. ಆಮೇಲೆ ಪತ್ರ ಬೇಕು ಎನ್ನುವ ಉಳಿದವರಿಗೂ ಅದು ತಲುಪದಿರುವ ಅಪಾಯ ಶುರುವಾಗುತ್ತದೆ.

ಕೊಂಡ ಪಟ್ಟಿ ಇಲ್ಲೇ ಕೈಕೊಡುವುದು. ಕೇಳದೆ ಬಂದ ಪತ್ರಕ್ಕೆ ಸಾವಿರಕ್ಕೆ ಮೂರು ದೂರು ಬರುವುದು ಕಷ್ಟವೇ? ಸಾಲದೆಂಬಂತೆ, ಇಂಥ ಪಟ್ಟಿಗಳಲ್ಲಿ ಯಾರೂ ಬಳಸದ ಹಳೆಯ ವಿಳಾಸಗಳೂ ಇರುತ್ತವೆ. ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಅವುಗಳಲ್ಲಿ ಸೇರಿಕೊಂಡಿರುತ್ತವೆ. ಅಲ್ಲಿಗೆ ಒಂದು ಪತ್ರ ಹೋದರೂ ಕಳಿಸಿದವರ ಹೆಸರು ಕೆಡುತ್ತದೆ.

ಮೂರನೇ ನಿಯಮ, ಬೇಡವೆಂದವರನ್ನು ಬಿಟ್ಟುಬಿಡುವುದು. ಬಲ್ಕ್ ಸೆಂಡರ್‌ಗಳು ಕಳಿಸುವ ಪ್ರಚಾರದ ಪತ್ರಗಳಲ್ಲಿ ಒಂದೇ ಕ್ಲಿಕ್‌ನ ಅನ್‌ಸಬ್‌ಸ್ಕ್ರೈಬ್ ಸೌಲಭ್ಯ ಇರಲೇಬೇಕು. ಕೋರಿಕೆ ಬಂದ ಎರಡು ದಿನಗಳೊಳಗೆ ಪಟ್ಟಿಯಿಂದ ಹೆಸರು ತೆಗೆಯಬೇಕು. ಗ್ರಾಹಕರು ಬಿಟ್ಟುಹೋಗುತ್ತಾರೆಂಬ ಭಯದಿಂದ ಕೆಲವರು ಈ ಬಟನ್ ಅನ್ನು ಪತ್ರದ ಕೊನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಅಡಗಿಸುತ್ತಾರೆ. ಹೊರಹೋಗುವ ಬಾಗಿಲು ಸಿಗದವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಒಬ್ಬ ಗ್ರಾಹಕನನ್ನು ಉಳಿಸಿಕೊಳ್ಳಲು ಹೋಗಿ ಎಲ್ಲರನ್ನೂ ಕಳೆದುಕೊಳ್ಳುವ ವ್ಯಾಪಾರ ಇದು.

ಕಾನೂನು ಎಲ್ಲಿತ್ತು?

ಇಷ್ಟೆಲ್ಲ ನಿಯಮ ಬರೆದದ್ದು ಖಾಸಗಿ ಕಂಪನಿಗಳು. ಹಾಗಾದರೆ ನಮ್ಮ ಕಾನೂನು?

ಅಮೆರಿಕದಲ್ಲಿ 2003ರಿಂದಲೇ ಕ್ಯಾನ್-ಸ್ಪ್ಯಾಮ್ ಎಂಬ ಕಾಯ್ದೆ ಇದೆ. ಭಾರತದಲ್ಲಿ ವಾಣಿಜ್ಯ ಇಮೇಲ್‌ಗೆಂದೇ ಮಾಡಿದ ಕಾಯ್ದೆ ಇಲ್ಲ. ಕಿರಿಕಿರಿ ಉಂಟುಮಾಡುವ ಅಥವಾ ಕಳಿಸಿದವರು ಯಾರೆಂದು ದಾರಿ ತಪ್ಪಿಸುವ ಇಮೇಲ್‌ಗಳ ಪ್ರಸ್ತಾಪ ಇದ್ದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎ ಯಲ್ಲಿ. ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ ಎಂಬ ಕಾರಣಕ್ಕೆ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ ಅನ್ನೇ ರದ್ದು ಮಾಡಿತು. ತೀರ್ಪು ಸರಿಯಾಗಿಯೇ ಇತ್ತು. ಆದರೆ ಸ್ಪ್ಯಾಮ್‌ಗೆ ಸಂಬಂಧಿಸಿದ ಆ ಒಂದು ಸಾಲಿನ ಜಾಗ ಖಾಲಿಯೇ ಉಳಿಯಿತು.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದ ನಿಯಮಗಳು ವಾಣಿಜ್ಯ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಅನ್ವಯಿಸುತ್ತವೆ. ಬೇಡದ ಕರೆ ಬಂದರೆ 1909ಕ್ಕೆ ದೂರು ಕೊಡಬಹುದು. ಬೇಡದ ಇಮೇಲ್‌ಗೆ ಅಂಥ ಸಂಖ್ಯೆ ಇಲ್ಲ.

ಈ ಖಾಲಿ ಜಾಗವನ್ನು ತುಂಬಿದ್ದು ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್. ಓದುಗರಿಗೆ ಅದರಿಂದ ಲಾಭವಾಗಿದೆ, ನಿಜ. ಆದರೆ ತಪ್ಪಿಲ್ಲದೆ ಸ್ಪ್ಯಾಮ್‌ಗೆ ಬಿದ್ದ ಅಂಗಡಿಯವರು ಅಹವಾಲು ಹೇಳಿಕೊಳ್ಳಲು ಭಾರತದಲ್ಲಿ ಒಂದು ಪ್ರಾಧಿಕಾರವಿಲ್ಲ. 2025ರ ಜೂನ್‌ನಲ್ಲಿ ಗೂಗಲ್ ತನ್ನ ಸೇಫ್ಟಿ ಎಂಜಿನಿಯರಿಂಗ್ ಸೆಂಟರ್ ಅನ್ನು ಹೈದರಾಬಾದ್‌ನಲ್ಲಿ ತೆರೆಯಿತು. ಡಬ್ಲಿನ್, ಮ್ಯೂನಿಕ್, ಮಲಾಗಾ ನಂತರ ಇದು ಜಗತ್ತಿನ ನಾಲ್ಕನೇ ಕೇಂದ್ರ. ಹೈಟೆಕ್ ಸಿಟಿಯಿಂದ ಬೇಗಂ ಬಜಾರ್‌ಗೆ ಕಾರಿನಲ್ಲಿ ಹೋಗುವಷ್ಟೇ ದೂರ. ಆದರೆ ನಿಯಮ ಮಾಡುವವರಿಗೂ ಅದರ ಪೆಟ್ಟು ತಿನ್ನುವವರಿಗೂ ನಡುವಿನ ಅಂತರ ಅದಕ್ಕಿಂತ ದೊಡ್ಡದು.

ಹೊಸ ಕಾಯ್ದೆ ಏನು ಬದಲಿಸಲಿದೆ?

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಹೊಣೆಗಾರಿಕೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಈ ಕಾಯ್ದೆಯ ಪ್ರಕಾರ ಇಮೇಲ್ ವಿಳಾಸವೂ ವೈಯಕ್ತಿಕ ಡೇಟಾ. ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿವಳಿಕೆಯಿಂದ ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವಿತ್ತೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು. ಕಾಯ್ದೆಯೇ ಕೊಟ್ಟಿರುವ ಒಂದು ಉದಾಹರಣೆ ಹೀಗಿದೆ: ಔಷಧ ಅಂಗಡಿಯಲ್ಲಿ ಗ್ರಾಹಕಿಯೊಬ್ಬಳು ರಸೀದಿಯನ್ನು ಮೊಬೈಲ್‌ಗೆ ಕಳಿಸಿ ಎಂದು ನಂಬರ್ ಕೊಟ್ಟರೆ, ರಸೀದಿ ಕಳಿಸಲು ಅಂಗಡಿ ಅದನ್ನು ಬಳಸಬಹುದು. ಈ ತರ್ಕವನ್ನೇ ಮುಂದುವರಿಸಿದರೆ, ಬಿಲ್‌ಗೆಂದು ಕೊಟ್ಟ ಇಮೇಲ್‌ಗೆ ಪ್ರತಿ ವಾರ ಆಫರ್ ಕಳಿಸಲು ಬೇರೆಯದೇ ಒಪ್ಪಿಗೆ ಬೇಕಾಗುತ್ತದೆ.

ಗಡಿ ಜಿಲ್ಲೆಗಳ ಕನ್ನಡಿಗರಿಗೆ ಇನ್ನೊಂದು ಅಂಶ ಮುಖ್ಯ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು. ಅಂದರೆ ಹೈದರಾಬಾದಿನ ಅಂಗಡಿಯಾದರೂ ಬೀದರ್‌ನ ಗ್ರಾಹಕ ಕನ್ನಡದಲ್ಲಿ ಕೇಳಬಹುದು. ಡೇಟಾ ಸುರಕ್ಷತೆಯಲ್ಲಿ ವಿಫಲವಾದರೆ 250 ಕೋಟಿ ರೂಪಾಯಿವರೆಗೆ, ಇತರ ಹಲವು ಉಲ್ಲಂಘನೆಗಳಿಗೆ 50 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಕಳಿಸುವವರು ಏನು ಮಾಡಬೇಕು?

* ಸ್ವಂತ ಡೊಮೇನ್ ಪಡೆದು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿಕೊಳ್ಳಿ.
* ಪಟ್ಟಿ ಕೊಳ್ಳಬೇಡಿ. ಕೇಳಿ ಪಡೆದ 500 ವಿಳಾಸ, ಕೊಂಡ 50,000ಕ್ಕಿಂತ ಮೇಲು.
* ವಿಳಾಸ ಪಡೆದ ತಕ್ಷಣ ಖಚಿತಪಡಿಸುವ ಪತ್ರ ಕಳಿಸಿ. ಗ್ರಾಹಕ ಅದನ್ನು ಒತ್ತಿ ಒಪ್ಪಿದ ಮೇಲಷ್ಟೇ ಪಟ್ಟಿಗೆ ಸೇರಿಸಿ.
* ಅನ್‌ಸಬ್‌ಸ್ಕ್ರೈಬ್ ಬಟನ್ ಎದ್ದು ಕಾಣುವಂತಿರಲಿ.
* ತಿಂಗಳುಗಟ್ಟಲೆ ಪತ್ರ ತೆರೆಯದವರನ್ನು ಪಟ್ಟಿಯಿಂದ ಬಿಡಿ.
* ಗೂಗಲ್‌ನ ಉಚಿತ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ದೂರಿನ ಪ್ರಮಾಣ ನೋಡುತ್ತಿರಿ.

ಓದುಗರು ಏನು ಮಾಡಬಹುದು?

* ಬೇಕಾದ ಪತ್ರ ಸ್ಪ್ಯಾಮ್‌ನಲ್ಲಿ ಕಂಡರೆ "ನಾಟ್ ಸ್ಪ್ಯಾಮ್" ಒತ್ತಿ.
* ಪರಿಚಿತ ಅಂಗಡಿಯ ಪತ್ರ ಸಾಕೆನಿಸಿದರೆ ಸ್ಪ್ಯಾಮ್ ಬದಲು ಅನ್‌ಸಬ್‌ಸ್ಕ್ರೈಬ್ ಬಳಸಿ. 2025ರ ಜುಲೈನಿಂದ ಜಿಮೇಲ್‌ನಲ್ಲಿ ಎಲ್ಲ ಚಂದಾಗಳನ್ನೂ ಒಂದೇ ಕಡೆ ನೋಡುವ ಸೌಲಭ್ಯ ಬಂದಿದೆ.
* ಅಪರಿಚಿತರ ಪತ್ರದೊಳಗಿನ ಯಾವ ಲಿಂಕ್ ಅನ್ನೂ ಒತ್ತಬೇಡಿ, ಅನ್‌ಸಬ್‌ಸ್ಕ್ರೈಬ್ ಎಂದಿದ್ದರೂ ಸಹ. ಸ್ಪ್ಯಾಮ್ ಎಂದು ಗುರುತಿಸಿ ಬಿಟ್ಟುಬಿಡಿ.
* ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸ್ಪ್ಯಾಮ್‌ನಿಂದ ತಪ್ಪಿಸಿಕೊಳ್ಳುವ ತಂತ್ರ ಹೇಳಿಕೊಡುವವರು ಅನೇಕರಿದ್ದಾರೆ: ಈ ಪದ ಬಳಸಬೇಡಿ, ಆ ಬಣ್ಣ ಹಾಕಬೇಡಿ, ಇಂಥ ಹೊತ್ತಿಗೆ ಕಳಿಸಿ. ಅವೆಲ್ಲ ಆಮೇಲಿನ ಮಾತು. ಗೂಗಲ್‌ನ ನಿಯಮವಿರಲಿ, ಹೊಸ ಕಾಯ್ದೆಯಿರಲಿ, ಎರಡೂ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ಈ ಪತ್ರ ಕಳಿಸಲು ನಿಮಗೆ ಯಾರು ಹೇಳಿದ್ದರು? 66.9 ಕೋಟಿ ವಿಳಾಸಗಳ ಪಟ್ಟಿ ಇದ್ದವನ ಬಳಿ ಇದಕ್ಕೆ ಉತ್ತರವಿಲ್ಲ. ಬಿಲ್ ಪುಸ್ತಕದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, "ಹೊಸ ಮಾಲು ಬಂದಾಗ ತಿಳಿಸಲೇ?" ಎಂದು ಕೇಳಿ ವಿಳಾಸ ಬರೆದುಕೊಂಡ ಅಂಗಡಿಯವರ ಬಳಿ ಇದೆ.