ಹುಳುಕಡ್ಡಿಯ ವಿಮಾನಯಾನ

ಹುಳುಕಡ್ಡಿ, ಗಜಕರ್ಣ ಎಂದು ಹಳ್ಳಿಗಳಲ್ಲಿ ಕರೆಯಲಾಗುವ ಚರ್ಮರೋಗ ಹೊಸದೇನಲ್ಲ. ಹೊಸದಾಗಿರುವುದು ಅದರ ಹಟ. ಕೆಲವು ವಾರ ಮುಲಾಮು ಹಚ್ಚಿದರೆ ವಾಸಿಯಾಗುತ್ತಿದ್ದ ರೋಗ ಈಗ ಭಾರತದ ಅನೇಕ ಕಡೆ ತಿಂಗಳುಗಟ್ಟಲೆ ಮದ್ದು ಸೇವಿಸಿದರೂ ಮರುಕಳಿಸುತ್ತಿದೆ. ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ವಿವರಿಸಿದ್ದು 2020ರಲ್ಲಿ, ಜಪಾನಿನಲ್ಲಿ. ಅಲ್ಲಿ ಪರೀಕ್ಷೆಗೆ ಒಳಗಾದದ್ದು ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಮಾದರಿಗಳು. ಅದಕ್ಕೆ ಇಟ್ಟ ಹೆಸರು ‘ಟ್ರೈಕೋಫೈಟಾನ್ ಇಂಡೋಟಿನಿಯೆ’; ಹೆಸರಿನಲ್ಲೇ ಭಾರತವಿದೆ.

ಚರ್ಮದ ಸ್ಪರ್ಶದಿಂದ, ಬಟ್ಟೆ ಮತ್ತು ಟವೆಲ್ಲುಗಳಿಂದ ಹರಡುವ ಈ ರೋಗವನ್ನು ವಿಮಾನ ನಿಲ್ದಾಣದ ಯಾವ ತಪಾಸಣೆಯೂ ತಡೆಯಲಾರದು. ಯುರೋಪು, ಅಮೆರಿಕಗಳಲ್ಲಿ ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ದಕ್ಷಿಣ ಏಷ್ಯಾದ ಪ್ರಯಾಣದೊಡನೆ ತಳಕು ಹಾಕಿಕೊಂಡಿವೆ. 2023ರಲ್ಲಿ ನ್ಯೂಯಾರ್ಕಿನಿಂದ ಅಮೆರಿಕದ ಮೊದಲ ಎರಡು ಪ್ರಕರಣಗಳು ವರದಿಯಾದವು. ಒಬ್ಬಾಕೆಗೆ ಬಾಂಗ್ಲಾದೇಶದಲ್ಲಿದ್ದಾಗ ರೋಗ ತಗುಲಿತ್ತು. ಇನ್ನೊಬ್ಬಾಕೆ ವಿದೇಶಕ್ಕೆ ಹೋದವಳೇ ಅಲ್ಲ. ಪ್ರಯಾಣಿಕರೊಡನೆ ಹೋದದ್ದು ಅಲ್ಲಿಯೇ ಬೇರೂರುತ್ತದೆ ಎಂಬುದಕ್ಕೆ ಇದು ಸೂಚನೆ.

ಹಾಗೆಂದು ಪ್ರಯಾಣಿಕನನ್ನು ದೂರುವುದು ಸುಲಭದ ದಾರಿ, ತಪ್ಪು ದಾರಿ. ವಿಮಾನ ರೋಗವನ್ನು ಹೊರುತ್ತದೆ. ಅದನ್ನು ಬೆಳೆಸುವುದು ಔಷಧದಂಗಡಿಯ ಕಟ್ಟೆ. ಸ್ಟೆರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ತಕ್ಷಣ ಅಡಗಿಸುತ್ತದೆ, ಜೊತೆಗೆ ಚರ್ಮದ ರಕ್ಷಣಾಶಕ್ತಿಯನ್ನೂ ಕುಗ್ಗಿಸುತ್ತದೆ. ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಅರ್ಧಕ್ಕೇ ನಿಲ್ಲಿಸಿದ ಟರ್ಬಿನಾಫಿನ್ ಮಾತ್ರೆ ದುರ್ಬಲವಾದವನ್ನು ಕೊಂದು ಬಲಿಷ್ಠವಾದವನ್ನು ಉಳಿಸುತ್ತದೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೂ ಮಾರಾಟ ನಿಂತಿಲ್ಲ.

ತೋಟಗಳೂ ಈ ಲೆಕ್ಕದಿಂದ ಹೊರಗಿಲ್ಲ. ಟರ್ಬಿನಾಫಿನ್ ಸೋತಾಗ ವೈದ್ಯರು ಕೊಡುವ ಇಟ್ರಾಕೊನಜೋಲ್ ಮತ್ತು ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮಲೆನಾಡಿನಲ್ಲಿ ಸಿಂಪಡಿಸುವ ಪ್ರೊಪಿಕೊನಜೋಲ್ ಒಂದೇ ‘ಅಜೋಲ್’ ಕುಟುಂಬದವು. ಹುಳುಕಡ್ಡಿಗೂ ಸಿಂಪಡಣೆಗೂ ನೇರ ನಂಟು ಸಾಬೀತಾಗಿಲ್ಲ. ಆದರೆ ಶ್ವಾಸಕೋಶವನ್ನು ಕಾಡುವ ಆಸ್ಪರ್ಜಿಲಸ್ ಎಂಬ ಬೂಷ್ಟು ಹೊಲದ ಅಜೋಲ್‌ಗಳಿಗೆ ಒಗ್ಗಿ ಆಸ್ಪತ್ರೆಯ ಅಜೋಲ್‌ಗಳನ್ನೂ ಮೀರಿ ನಿಂತಿರುವುದು ದೃಢಪಟ್ಟಿದೆ. ನೆದರ್‌ಲೆಂಡ್ಸ್‌ನಿಂದ ಐರ್ಲೆಂಡಿಗೆ ಹೋದ ಟ್ಯುಲಿಪ್ ಗೆಡ್ಡೆಗಳಲ್ಲಿಯೂ ಅದು ಪತ್ತೆಯಾಗಿದೆ.

ಬೆಳ್ಳಾವಿ, ಗುಬ್ಬಿ, ಕುಣಿಗಲ್ಲುಗಳ ತೆಂಗು-ಅಡಿಕೆ ಸೀಮೆಗೂ ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ನಡುವೆ ಇರುವುದು ಕೆಲವೇ ಗಂಟೆಗಳ ದಾರಿ. ಊರಿನ ಕಜ್ಜಿ ಊರಲ್ಲೇ ಉಳಿಯುವ ಕಾಲ ಮುಗಿದಿದೆ. ಆದ್ದರಿಂದ ಹೊಣೆಯೂ ಊರಿನಿಂದಲೇ ಆರಂಭವಾಗಬೇಕು. ಚೀಟಿಯಿಲ್ಲದ ಮುಲಾಮಿನ ಮಾರಾಟವನ್ನು ಗ್ರಾಮಸಭೆ ಪ್ರಶ್ನಿಸಬೇಕು. ಮನೆಮಂದಿಗೆಲ್ಲ ರೋಗವಿದ್ದರೆ ಎಲ್ಲರೂ ಒಟ್ಟಿಗೇ, ಪೂರ್ತಿ ಅವಧಿಯವರೆಗೆ ಚಿಕಿತ್ಸೆ ಪಡೆಯಬೇಕು. ಹಾಸ್ಟೆಲಿನ ವಿದ್ಯಾರ್ಥಿಗಳು ಟವೆಲ್ ಹಂಚಿಕೊಳ್ಳುವುದನ್ನು ಬಿಡಬೇಕು. ಹೊರದೇಶಕ್ಕೆ ಹೊರಟವರು ಮೊದಲು ವಾಸಿ ಮಾಡಿಕೊಂಡು ಹೊರಡಬೇಕು. ರೈತರು ಶಿಲೀಂಧ್ರನಾಶಕವನ್ನು ರೋಗ ಕಂಡಾಗ, ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಬೇಕು.

ಮದ್ದು ಎಂಬುದು ಕೆರೆಯ ನೀರಿನಂತೆ ಎಲ್ಲರ ಸೊತ್ತು. ಒಬ್ಬರು ಕೆಡಿಸಿದರೆ ಬಾಯಾರುವವರು ಎಲ್ಲರೂ.