ರಕ್ತದ ಲೆಕ್ಕವೂ ಗಡಿನಾಡ ರೋಗಿಯೂ

ಮಹಾರಾಷ್ಟ್ರದ ಮಿರಜಿಗೂ ನಮ್ಮ ಕಾಸರಗೋಡಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಮೇಲೆ ಅಥಣಿ, ಚಿಕ್ಕೋಡಿ, ರಾಯಬಾಗಗಳ ಎಷ್ಟೋ ಕನ್ನಡಿಗರು ಕಾಯಿಲೆ ಬಿದ್ದಾಗ ಹಿಡಿದುದು ಮಿರಜಿನ ದಾರಿಯನ್ನೇ. ಸಾಂಗಲಿ ಜಿಲ್ಲೆಗೇ ಸೇರಿದ ಜತ್ತ ತಾಲೂಕಿನ ಕನ್ನಡ ಹಳ್ಳಿಗಳ ಮಾತೂ ಅದೇ. ನಾವು ಮಂಗಳೂರಿಗೆ ಓಡುವಂತೆ ಅವರು ಮಿರಜಿಗೆ ಓಡುತ್ತಾರೆ. ಹೀಗೆ ಗಡಿ ದಾಟಬೇಕಾದವರಿಗೆ ಯಾವಾಗ ಹೊರಡಬೇಕೆಂಬುದೇ ದೊಡ್ಡ ಪ್ರಶ್ನೆ.

2020ರ ಮಾರ್ಚಿನಲ್ಲಿ ಸಾಂಗಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಕೋವಿಡ್ ಕಾಣಿಸಿಕೊಂಡಾಗ ರೋಗಿಗಳನ್ನು ಮಿರಜಿನ ಸರಕಾರಿ ಆಸ್ಪತ್ರೆಗೆ ಸೇರಿಸಲಾಯಿತು. ಅದೇ ತಿಂಗಳು ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸುಗಳನ್ನು ತಡೆದುದನ್ನು ನಮ್ಮವರು ಮರೆತಿರಲಾರರು.

ಶ್ವಾಸಕೋಶದ ಸೋಂಕು ಯಾರಲ್ಲಿ ಉಲ್ಬಣಿಸೀತು ಎಂಬುದರ ಸುಳಿವು ರಕ್ತದ ಬಿಳಿಕಣಗಳಲ್ಲಿರುತ್ತದೆ. ಸೋಂಕು ಏರಿದಂತೆ ನ್ಯೂಟ್ರೋಫಿಲ್ ಎಂಬ ಕಣಗಳು ಹೆಚ್ಚುತ್ತವೆ, ಲಿಂಫೋಸೈಟುಗಳು ಕುಗ್ಗುತ್ತವೆ. ಆರೋಗ್ಯವಂತರಲ್ಲಿ ಮೊದಲನೆಯವು ಎರಡನೆಯವುಗಳ ಸುಮಾರು 1ರಿಂದ 3 ಪಟ್ಟು. ಈ ಪ್ರಮಾಣ ಬಹಳ ಏರಿದ ನ್ಯುಮೋನಿಯ ರೋಗಿಗಳಲ್ಲಿ ಅಪಾಯವೂ ಹೆಚ್ಚೆಂದು ಕೋವಿಡಿಗೆ ಮೊದಲೂ ಆಮೇಲೂ ಅನೇಕ ದೇಶಗಳ ವೈದ್ಯರು ಕಂಡಿದ್ದಾರೆ. ಮೋನೋಸೈಟುಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಎಂಬ ಗುರುತು ಇಳಿದರೆ ದೇಹದ ರಕ್ಷಣಾಶಕ್ತಿಯೇ ಸೋತಿದೆಯೆಂದು ಅರ್ಥ. ಆದರೆ ಅದನ್ನು ಅಳೆಯುವ ಯಂತ್ರ ದೊಡ್ಡ ಪ್ರಯೋಗಶಾಲೆಗಳಲ್ಲಿ ಮಾತ್ರ. ಮೊದಲಿನ ಲೆಕ್ಕ ಹಾಗಲ್ಲ. ಸಾಮಾನ್ಯ ರಕ್ತಪರೀಕ್ಷೆಯ ಚೀಟಿಯಲ್ಲೇ ಎರಡೂ ಅಂಕೆಗಳಿರುತ್ತವೆ, ಏಳನೆಯ ತರಗತಿಯ ಹುಡುಗ ಭಾಗಾಕಾರ ಮಾಡಿಯಾನು!

ಹಾಗೆಂದು ಆ ಚೀಟಿಯೇ ಜಾತಕವಲ್ಲ. ಸ್ಟಿರಾಯ್ಡ್ ಮಾತ್ರೆ ನುಂಗುವವರಲ್ಲಿ ಸೋಂಕಿಲ್ಲದೆಯೂ ಪ್ರಮಾಣ ಏರುತ್ತದೆ. ನಿಮಿಷಕ್ಕೆ 30ಕ್ಕೆ ಮುಟ್ಟುವ ಉಸಿರು, ಇಳಿದ ರಕ್ತದೊತ್ತಡ, ವೃದ್ಧರ ಮಾತಿನ ಗಲಿಬಿಲಿ, ಇವುಗಳ ಜತೆಗಿಟ್ಟು ವೈದ್ಯರೇ ತೂಗಬೇಕು.

ನಮ್ಮ ಕೇಳಿಕೆ ದೊಡ್ಡದೇನಲ್ಲ. ಜ್ವರ, ಕೆಮ್ಮು, ಏದುಸಿರಿನಿಂದ ಬಂದವರಿಗೆ ಗಡಿಭಾಗದ ಪ್ರತಿಯೊಂದು ಆರೋಗ್ಯ ಕೇಂದ್ರದಲ್ಲೂ ಅದೇ ದಿನ ಈ ಪರೀಕ್ಷೆಯಾಗಬೇಕು, ಫಲಿತಾಂಶವನ್ನು ಮನೆಯವರಿಗೆ ಕನ್ನಡದಲ್ಲಿ ವಿವರಿಸಬೇಕು. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯೇ ಹೇಳುತ್ತದೆ. ಅರ್ಜಿಗೆ ಸಲ್ಲುವ ಭಾಷೆ ಆಸ್ಪತ್ರೆಯ ಚೀಟಿಗೆ ಏಕೆ ಸಲ್ಲದು? ಜಿಲ್ಲಾ ವೈದ್ಯಾಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮೊದಲೇ ಈ ಬಗ್ಗೆ ಆದೇಶ ಹೊರಡಿಸಲಿ.