ಕಡಲೂ ನಮ್ಮ ಜಲವೇ!

ಕನ್ನಡದ ತರುಣ ತರುಣಿಯರೇ,

‘ನೆಲ, ಜಲ, ಭಾಷೆ’ ಎಂದು ನಾವು ಗಂಟಲು ಹರಿಯುವಂತೆ ಕೂಗುತ್ತೇವೆ. ಜಲ ಎಂದ ಕೂಡಲೇ ನಮಗೆ ನೆನಪಾಗುವುದು ಕಾವೇರಿ, ಕೃಷ್ಣೆ, ಮಹದಾಯಿ. ಕಾರವಾರದಿಂದ ಮಂಗಳೂರಿನವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಕಡಲು ಯಾರ ಜಲ? ಅದರ ಪರವಾಗಿ ನಾವು ಎಂದಾದರೂ ಒಂದು ಘೋಷಣೆ ಕೂಗಿದ್ದೇವೆಯೇ?

ಮಳೆಗಾಲದಲ್ಲಿ ಒಮ್ಮೆ ಪಣಂಬೂರಿನಲ್ಲೋ ಮಲ್ಪೆಯಲ್ಲೋ ನಿಂತು ನೋಡಿ. ಕಡಲು ತನ್ನ ಹೊಟ್ಟೆಯಲ್ಲಿದ್ದುದನ್ನು ದಂಡೆಗೆ ಕಾರಿಕೊಂಡಿರುತ್ತದೆ. ನೀರಿನ ಬಾಟಲಿ, ಗುಟ್ಕಾ ಚೀಟಿ, ಹಾಲಿನ ಕವರು, ಹರಿದ ಬಲೆ, ಒಂಟಿ ಚಪ್ಪಲಿ. ಇದೆಲ್ಲ ಪ್ರವಾಸಿಗರು ಎಸೆದದ್ದಷ್ಟೇ ಅಲ್ಲ. ಊರೂರಿನ ಚರಂಡಿಗಳಿಂದ ನೇತ್ರಾವತಿ, ಫಲ್ಗುಣಿಗಳಿಗೆ ಇಳಿದು ಬಂದದ್ದೂ ಅದರಲ್ಲಿದೆ.

‘ಬೆಂಗಳೂರಿಗೆ ಕಡಲೇ ಇಲ್ಲವಲ್ಲ’ ಎಂದು ನುಣುಚಿಕೊಳ್ಳಬೇಡಿ. ವೃಷಭಾವತಿಗೆ ಬಿದ್ದದ್ದು ಅರ್ಕಾವತಿಗೆ, ಅರ್ಕಾವತಿಗೆ ಬಿದ್ದದ್ದು ಕಾವೇರಿಗೆ, ಕಾವೇರಿಗೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಕಾವೇರಿಗಾಗಿ ಬೀದಿಗಿಳಿಯುವ ನಾವೇ ಅವಳ ಮಡಿಲಿಗೆ ಕಸ ತುಂಬಿ ಕಳಿಸುತ್ತಿದ್ದೇವೆ. ನಾಚಿಕೆಯಾಗಬೇಡವೇ?

ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಬಿಸಿಲಿಗೆ, ಅಲೆಗೆ ಸಿಕ್ಕಿ ಚೂರುಚೂರಾಗಿ ಮೀನಿನ ಹೊಟ್ಟೆ ಸೇರುತ್ತದೆ. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗೆ ತೇಲುವ ಚೀಲವೂ ಒಂದೇ, ಅದರ ಆಹಾರವಾದ ಲೋಳೆಮೀನೂ ಒಂದೇ. ನುಂಗಿದರೆ ಸಾವು. ಬಲೆ ಎಳೆದ ಮೊಗವೀರನಿಗೆ ಬಂಗುಡೆಯ ಜೊತೆ ನಮ್ಮ ಕಸವೂ ಸಿಗುತ್ತದೆ.

ಏನು ಮಾಡಬಹುದು? ಮುಂಬಯಿಯ ವರ್ಸೋವಾ ದಂಡೆಯನ್ನು ನೋಡಿ. 2015ರಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಮನೆಯ ವೃದ್ಧರೊಬ್ಬರನ್ನು ಜೊತೆಗೆ ಕರೆದುಕೊಂಡು ಅಲ್ಲಿ ಕಸ ಹೆಕ್ಕಲು ನಿಂತರು. ವಾರ ವಾರವೂ ಜನ ಸೇರಿಕೊಂಡರು. 2016ರಲ್ಲಿ ವಿಶ್ವಸಂಸ್ಥೆ ಅವರನ್ನು ಗೌರವಿಸಿತು. 2018ರಲ್ಲಿ ಅದೇ ದಂಡೆಯಿಂದ ಆಮೆಮರಿಗಳು ಕಡಲಿಗಿಳಿದವು. ಸರ್ಕಾರದ ಆದೇಶಕ್ಕೆ ಕಾದಿದ್ದರೆ ಇದು ಆಗುತ್ತಿತ್ತೇ?

ನಮ್ಮ ಕರಾವಳಿಯಲ್ಲೂ ಭಾನುವಾರದ ಬೆಳಿಗ್ಗೆ ಗೋಣಿಚೀಲ ಹಿಡಿದು ಹೊರಡುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ನಮ್ಮ ಸಲಾಮು. ಆದರೆ ಒಂದು ತಕರಾರೂ ಇದೆ. ಇಂಥ ಎಷ್ಟೋ ಕಾರ್ಯಕ್ರಮಗಳ ಕರಪತ್ರ ಇಂಗ್ಲಿಷಿನಲ್ಲಿ, ಬ್ಯಾನರು ಇಂಗ್ಲಿಷಿನಲ್ಲಿ, ಭಾಷಣವೂ ಇಂಗ್ಲಿಷಿನಲ್ಲಿ. ದಂಡೆಯಲ್ಲೇ ಹುಟ್ಟಿ ಬೆಳೆದ ಮೀನುಗಾರ ದೂರ ನಿಂತು ನೋಡುತ್ತಾನೆ, ಇದು ಯಾರದೋ ಹಬ್ಬ ಎಂಬಂತೆ. ಅವನ ಮಾತಿನಲ್ಲಿ, ಕನ್ನಡದಲ್ಲಿ, ತುಳು ಕೊಂಕಣಿಗಳಲ್ಲಿ ಕರೆಯದೆ ಅವನ ಕಡಲನ್ನು ಉಳಿಸುವುದು ಹೇಗೆ? ಆ ಕೆಲಸ ನಮ್ಮದು. ಕರಪತ್ರ ನಾವು ಬರೆಯೋಣ, ಗೋಣಿಯನ್ನೂ ನಾವೇ ಹೊರೋಣ.

ಇನ್ನು ನಮ್ಮ ಬೆನ್ನನ್ನೂ ಸ್ವಲ್ಪ ನೋಡಿಕೊಳ್ಳೋಣ. ನವೆಂಬರ್ 1ರಂದು ನಾವು ಕಟ್ಟುವ ಹಳದಿ ಕೆಂಪು ಪ್ಲಾಸ್ಟಿಕ್ ಬಾವುಟಗಳು ನವೆಂಬರ್ 2ರಂದು ಎಲ್ಲಿರುತ್ತವೆ? ಚರಂಡಿಯಲ್ಲಿ! ಪ್ಲಾಸ್ಟಿಕ್ ಬಾವುಟ, ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. 2022ರ ಜುಲೈನಿಂದ ಪ್ಲಾಸ್ಟಿಕ್ ಬಾವುಟಕ್ಕೆ ದೇಶಕ್ಕೇ ನಿಷೇಧವಿದೆ. ಅಂಗಡಿಯ ನಾಮಫಲಕ ಕನ್ನಡದಲ್ಲಿಲ್ಲ ಎಂದು ಕಾನೂನು ತೋರಿಸಿ ಗದರುವ ನಾವು ಈ ಕಾನೂನನ್ನು ಮರೆಯಬಹುದೇ? ಯಾವ ಬಾವುಟಕ್ಕಾಗಿ ಲಾಠಿ ಏಟು ತಿಂದೆವೋ ಅದೇ ಬಾವುಟ ಆಮೆಯ ಗಂಟಲಲ್ಲಿ ಸಿಕ್ಕಿಕೊಂಡರೆ ಅದು ಯಾವ ನಾಡಪ್ರೇಮ?

ಗೆಳೆಯರೇ, ಈ ರಾಜ್ಯೋತ್ಸವಕ್ಕೆ ಬಟ್ಟೆಯ ಬಾವುಟ ಹೊಲಿಸಿ. ಮರುದಿನ ಅದನ್ನು ಮಡಿಸಿ ಮನೆಯಲ್ಲಿಡಿ. ಬರುವ ಭಾನುವಾರ ನಿಮ್ಮ ಬೀದಿಯ ರಾಜಕಾಲುವೆಯ ಬಳಿ ಗೋಣಿ ಹಿಡಿದು ಸೇರಿ. ಕಡಲ ದಂಡೆಯ ಕೆಲಸ ಅಲ್ಲಿಂದಲೇ ಶುರು.